ಅಧ್ಯಾಪಕರ ವರ್ಷಾರಂಭದ ಸಭೆ: ಆ ಅರ್ಧ ದಿನವನ್ನು ಯಾವುದಕ್ಕೆ ಮೀಸಲಿಡಬೇಕು?

ಪ್ರಶ್ನೆ | ವಿಭಾಗದ ಮುಖ್ಯಸ್ಥೆ, ಅರ್ಥಶಾಸ್ತ್ರ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ವಿಭಾಗದ ಮುಖ್ಯಸ್ಥೆಯಾಗಿ ಕಳೆದ ತಿಂಗಳಷ್ಟೇ ಅಧಿಕಾರ ವಹಿಸಿಕೊಂಡಿದ್ದೇನೆ. ನಮ್ಮಲ್ಲಿ ಪದವಿ ಮತ್ತು ಸ್ನಾತಕೋತ್ತರ ತರಗತಿಗಳೆರಡೂ ಇವೆ. ಹೊಸ ಶೈಕ್ಷಣಿಕ ವರ್ಷದ ಪಾಠಗಳು ಶುರುವಾಗುವ ಮೊದಲು ಬೋಧಕರೆಲ್ಲರೂ ಅರ್ಧ ದಿನ ಸೇರುವ ಪದ್ಧತಿ ಇಲ್ಲಿ ಬಹಳ ವರ್ಷಗಳಿಂದಿದ್ದು, ಈ ಬಾರಿ ಅದನ್ನು ರೂಪಿಸುವ ಹೊಣೆ ನನ್ನ ಮೇಲಿದೆ.

ಹನ್ನೊಂದು ವರ್ಷ ಈ ಸಭೆಯಲ್ಲಿ ಕೇಳುಗಳಾಗಿ ಕುಳಿತಿದ್ದೇನೆ. ಪ್ರಾರ್ಥನೆ, ದೀಪ ಬೆಳಗುವುದು, ಸ್ವಾಗತ, ಮುಖ್ಯ ಅತಿಥಿಗಳ ಭಾಷಣ, ನೆನಪಿನ ಕಾಣಿಕೆ, ಅಧ್ಯಕ್ಷೀಯ ನುಡಿ, ವಂದನಾರ್ಪಣೆ ಇಷ್ಟೂ ಮುಗಿಯುವ ವೇಳೆಗೆ ಊಟದ ಹೊತ್ತಾಗಿರುತ್ತದೆ. ವೇಳಾಪಟ್ಟಿಯ ಕರಡು ಕೈಗೆ ಬರುವುದು ಊಟದ ಸಾಲಿನಲ್ಲಿ ನಿಂತಾಗ. ಯಾರಿಗೆ ಯಾವ ಪತ್ರಿಕೆ, ಅಂದರೆ ಯಾರು ಯಾವ ವಿಷಯವನ್ನು ಪಾಠ ಮಾಡಬೇಕು ಎಂಬ ಮಾತು ಅಲ್ಲಿಂದ ಆರಂಭವಾಗಿ ಎರಡು ವಾರ ಮುಂದುವರಿಯುತ್ತದೆ, ಆ ಎರಡು ವಾರ ವಿದ್ಯಾರ್ಥಿಗಳು ಖಾಲಿ ತರಗತಿಯಲ್ಲಿ ಕಾಯುತ್ತಾರೆ. ಇದನ್ನು ಮತ್ತೊಂದು ವರ್ಷ ಹೀಗೆಯೇ ನಡೆಸಲು ನನಗೆ ಮನಸ್ಸಿಲ್ಲ.

ನನ್ನನ್ನು ಹೆಚ್ಚು ಕಾಡುತ್ತಿರುವ ಸಂಗತಿ ಬೇರೆಯೇ ಇದೆ. ಈ ಸೆಮಿಸ್ಟರಿನಲ್ಲಿ ನಮ್ಮ ವಿಭಾಗದ ಒಟ್ಟು ಕಾರ್ಯಭಾರ ವಾರಕ್ಕೆ 124 ಗಂಟೆಗಳು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಪ್ರಾಧ್ಯಾಪಕರಿಗೆ ಮತ್ತು ಸಹ ಪ್ರಾಧ್ಯಾಪಕರಿಗೆ ವಾರಕ್ಕೆ 14, ಸಹಾಯಕ ಪ್ರಾಧ್ಯಾಪಕರಿಗೆ 16 ಗಂಟೆಗಳ ಬೋಧನೆ ಇರಬೇಕು. ನಾವು ಕಾಯಂ ಬೋಧಕರು ನಾಲ್ವರು, ಇಬ್ಬರು 14ರವರು, ಇಬ್ಬರು 16ರವರು; ಎಲ್ಲ ಸೇರಿ 60 ಗಂಟೆಗಳಾಯಿತು. ಉಳಿದ 64 ಗಂಟೆಗಳನ್ನು ಎಂಟು ಮಂದಿ ಅತಿಥಿ ಉಪನ್ಯಾಸಕರು ಹಂಚಿಕೊಳ್ಳುತ್ತಾರೆ. ಅಂದರೆ ಅರ್ಧಕ್ಕಿಂತ ಹೆಚ್ಚು ಪಾಠವನ್ನು ಮಾಡುವವರು ಈ ಸಭೆಯಲ್ಲಿ ಇರುವುದೇ ಇಲ್ಲ, ಏಕೆಂದರೆ ಆ ದಿನಕ್ಕೆ ಅವರ ನೇಮಕಾತಿ ಆದೇಶ ಹೊರಟಿರುವುದಿಲ್ಲ. ಇದಕ್ಕೆ ನಿಮ್ಮ ವಿಭಾಗಗಳಲ್ಲಿ ಏನು ದಾರಿ ಕಂಡುಕೊಂಡಿದ್ದೀರಿ? ಭಾಷಣಗಳನ್ನು ಕೈಬಿಟ್ಟರೆ ಉಳಿಯುವ ಸುಮಾರು ಮೂರೂವರೆ ಗಂಟೆಯಲ್ಲಿ ನಿಜವಾಗಿ ಪಾಠಕ್ಕೆ ಉಪಯೋಗವಾಗುವಂಥದ್ದು ಏನನ್ನು ಮಾಡಬಹುದು? ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ | ನಿವೃತ್ತ ಪ್ರಾಧ್ಯಾಪಕ, ಬಸವನಗುಡಿ

ಮೇಡಂ, ಹೊಣೆ ವಹಿಸಿಕೊಂಡ ಮೊದಲ ತಿಂಗಳಲ್ಲೇ ಈ ಪ್ರಶ್ನೆ ಕೇಳಿದ್ದೀರಿ ಎಂಬುದು ನನಗೆ ಸಂತೋಷ ತಂದಿತು. ನಾನು 1978ರಲ್ಲಿ ಉಪನ್ಯಾಸಕನಾಗಿ ಸೇರಿ ಮೂವತ್ತೈದು ವರ್ಷ ನಿಮ್ಮದೇ ವಿಷಯವನ್ನು ಪಾಠ ಮಾಡಿದವನು. ವೇಳಾಪಟ್ಟಿಯನ್ನು ಸಭೆಯಲ್ಲಿ ಹಂಚಲೇಬೇಡಿ. ಮೂರು ದಿನ ಮೊದಲೇ ಎಲ್ಲರಿಗೂ ತಲುಪಿಸಿ, ತಕರಾರುಗಳನ್ನು ಒಬ್ಬೊಬ್ಬರೊಡನೆ ಕುಳಿತು ಬಗೆಹರಿಸಿಕೊಳ್ಳಿ. ಸಭೆಗೆ ಎಲ್ಲರೂ ತಮ್ಮ ಪತ್ರಿಕೆ ಯಾವುದೆಂದು ತಿಳಿದುಕೊಂಡೇ ಬರಬೇಕು. ಆಗ ಮಾತ್ರ ಮುಖ್ಯವಾದ ಕೆಲಸಕ್ಕೆ ಮನಸ್ಸು ಬಿಡುವಾಗುತ್ತದೆ.

ಆ ಕೆಲಸವೆಂದರೆ ಒಂದು ಪತ್ರಿಕೆಯನ್ನು ಇನ್ನೊಂದು ಪತ್ರಿಕೆಯ ಪಕ್ಕದಲ್ಲಿಟ್ಟು ನೋಡುವುದು. ನಮ್ಮಲ್ಲಿ ಮೂರನೇ ಸೆಮಿಸ್ಟರಿನ ಇಕಾನೊಮೆಟ್ರಿಕ್ಸ್ (ಆರ್ಥಿಕ ಅಂಕಿಅಂಶಗಳನ್ನು ಸಂಖ್ಯಾಶಾಸ್ತ್ರದಿಂದ ವಿಶ್ಲೇಷಿಸುವ ವಿಷಯ) ಪತ್ರಿಕೆಯಲ್ಲಿ ವಿದ್ಯಾರ್ಥಿಗಳು ಸೂತ್ರಗಳನ್ನು ಬಾಯಿಪಾಠ ಮಾಡಿ ಲೆಕ್ಕ ಬಿಡಿಸುತ್ತಿದ್ದರು, ಆದರೆ ಬಂದ ಉತ್ತರದ ಅರ್ಥವೇನೆಂದು ಕೇಳಿದ ಪ್ರಶ್ನೆಯನ್ನು ಮುಕ್ಕಾಲು ಪಾಲು ಜನ ಬಿಟ್ಟುಬಿಡುತ್ತಿದ್ದರು. ಈಗಿನ ಹುಡುಗರಿಗೆ ಶ್ರದ್ಧೆಯಿಲ್ಲವೆಂದು ನಾನು ಆರೇಳು ವರ್ಷ ನಂಬಿಕೊಂಡಿದ್ದೆ. ಒಂದು ವರ್ಷಾರಂಭದ ಸಭೆಯಲ್ಲಿ ಮುಖ್ಯ ಅತಿಥಿಗಳು ಬರಲಾಗದೆ ಹೊತ್ತು ಉಳಿಯಿತು. ಮೊದಲ ಸೆಮಿಸ್ಟರಿನ ಗಣಿತ ಮತ್ತು ಸಂಖ್ಯಾಶಾಸ್ತ್ರ ಪತ್ರಿಕೆಯನ್ನು ಪಾಠ ಮಾಡುತ್ತಿದ್ದ ಸಹೋದ್ಯೋಗಿಯೊಡನೆ ಕುಳಿತು ಇಬ್ಬರ ಪಾಠ ಯೋಜನೆಗಳನ್ನೂ ಮೇಜಿನ ಮೇಲೆ ಹರಡಿದೆವು. ಬಂದ ಉತ್ತರದ ಅರ್ಥ ಹೇಳಲು ಬೇಕಾದ ಸಂಭವನೀಯತೆ ಅವರ ಪಠ್ಯಕ್ರಮದ ಕೊನೆಯ ಘಟಕವಾಗಿತ್ತು, ಮತ್ತು ಪ್ರತಿ ವರ್ಷವೂ ಆ ಘಟಕಕ್ಕೆ ಬರುವಷ್ಟರಲ್ಲಿ ಸೆಮಿಸ್ಟರ್ ಮುಗಿದುಹೋಗುತ್ತಿತ್ತು. ಅದು ಮುಂದೆ ನನ್ನ ಪತ್ರಿಕೆಯಲ್ಲಿ ಬರುತ್ತದೆಂದು ಅವರು ಭಾವಿಸಿದ್ದರು, ನಾನು ಹಿಂದೆಯೇ ಆಗಿದೆಯೆಂದು ಭಾವಿಸಿದ್ದೆ. ಅಷ್ಟು ವರ್ಷಗಳ ವಿದ್ಯಾರ್ಥಿಗಳು ಆ ನಡುವಿನ ಹಳ್ಳದಲ್ಲಿ ಬಿದ್ದಿದ್ದರು. ಇದನ್ನು ಬರೆಯುವಾಗ ಇಂದಿಗೂ ನನಗೆ ನೋವಾಗುತ್ತದೆ. ಆ ಘಟಕವನ್ನು ಅವರು ಮೂರನೆಯ ಸ್ಥಾನಕ್ಕೆ ತಂದುಕೊಂಡರು, ನಾನು ಆರಂಭದ ಐದು ಗಂಟೆಗಳನ್ನು ಪುನರಾವರ್ತನೆಗೆ ಮೀಸಲಿಟ್ಟೆ. ಮರುವರ್ಷ ಆ ಪ್ರಶ್ನೆಯನ್ನು ಬಿಟ್ಟವರ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಇಳಿಯಿತು.

ಸೆಮಿಸ್ಟರ್ ಪರೀಕ್ಷೆಯ ಉತ್ತರ ಪತ್ರಿಕೆಗಳು ಮೌಲ್ಯಮಾಪನ ಕುಲಸಚಿವರ ಕಚೇರಿಯ ಸುಪರ್ದಿಯಲ್ಲಿರುತ್ತವೆ, ಅವು ನಿಮಗೆ ಸಿಗಲಾರವು. ಆದರೆ ಆಂತರಿಕ ಪರೀಕ್ಷೆಯ ಪುಸ್ತಿಕೆಗಳು ವಿಭಾಗದ ಬೀರುವಿನಲ್ಲೇ ಇರುತ್ತವೆ. ಪ್ರತಿ ಪತ್ರಿಕೆಯಿಂದ ಹತ್ತು ಪುಸ್ತಿಕೆಗಳನ್ನು ತೆಗೆದಿಟ್ಟುಕೊಂಡರೆ ಸಾಕು, ಯಾವ ಪ್ರಶ್ನೆಯ ಮುಂದೆ ಪುಟ ಖಾಲಿ ಉಳಿದಿದೆ ಎಂಬುದು ಗೊತ್ತಾಗುತ್ತದೆ.

ದೀಪ ಬೆಳಗುವುದನ್ನು ಮಾತ್ರ ಬಿಡಬೇಡಿ. ಹತ್ತು ನಿಮಿಷ ಸಾಕು. ಹೊಸದಾಗಿ ಸೇರಿದವರಿದ್ದರೆ ಅವರ ಕೈಯಿಂದಲೇ ಬೆಳಗಿಸಿ.

ಉತ್ತರ | ಅತಿಥಿ ಉಪನ್ಯಾಸಕಿ, ಕೆಂಗೇರಿ

ನೀವು ಹೇಳಿದ ಆ 64 ಗಂಟೆಗಳ ಕಡೆಯಿಂದ ನಾನು ಬರೆಯುತ್ತಿದ್ದೇನೆ. ಒಂಬತ್ತು ವರ್ಷಗಳಿಂದ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಬೆಳಿಗ್ಗೆ ಒಂದು ಕಡೆ ಪಾಠ ಮುಗಿಸಿ, ನೇರಳೆ ಮಾರ್ಗದ ಮೆಟ್ರೊ ಹಿಡಿದು ಮಧ್ಯಾಹ್ನಕ್ಕೆ ನಗರದ ಇನ್ನೊಂದು ತುದಿಯ ಕಾಲೇಜಿಗೆ ಹೋಗುತ್ತೇನೆ. ನನಗೆ ವೇಳಾಪಟ್ಟಿ ತಡವಾಗಿ ಸಿಕ್ಕಿದರೆ ಎರಡು ಕಡೆಯ ತರಗತಿಗಳು ಒಂದೇ ಹೊತ್ತಿಗೆ ಬಿದ್ದು, ಒಂದು ಕಡೆಯ ಕೆಲಸವನ್ನೇ ಬಿಡಬೇಕಾಗುತ್ತದೆ. ಆದ್ದರಿಂದ ಹಿರಿಯರು ಹೇಳಿದಂತೆ ಮೂರು ದಿನ ಮೊದಲೇ ವೇಳಾಪಟ್ಟಿ ತಲುಪಿಸುವುದಾದರೆ ಕಳೆದ ವರ್ಷ ಪಾಠ ಮಾಡಿದ ಅತಿಥಿ ಉಪನ್ಯಾಸಕರಿಗೂ ಕರಡನ್ನು ಕಳುಹಿಸಿ, ಬಿಡುವು ಯಾವಾಗ ಇದೆಯೆಂದು ಕೇಳಿ. ಆದೇಶವಿಲ್ಲದೆ ಭರವಸೆ ಕೊಡಲಾಗದು ಎಂಬುದು ನಮಗೂ ತಿಳಿದಿದೆ. ಕೇಳುವುದಕ್ಕೆ ಆದೇಶ ಬೇಕಾಗಿಲ್ಲ.

ಒಮ್ಮೆ ನನಗೆ ಒಂದು ಪತ್ರಿಕೆಯನ್ನು ಸೆಮಿಸ್ಟರಿನ ಮೂರನೇ ವಾರದಲ್ಲಿ ವಹಿಸಲಾಯಿತು. ಆ ಹೊತ್ತಿಗೆ ಆಂತರಿಕ ಪರೀಕ್ಷೆಯ ದಿನಾಂಕ ನಿಗದಿಯಾಗಿತ್ತು, ಪಾಠ ಒಂದು ಪುಟವೂ ಆಗಿರಲಿಲ್ಲ. ವರ್ಷಾರಂಭದ ಸಭೆಯಲ್ಲಿ ನಿರ್ಧಾರವಾದ ಸಂಗತಿಗಳನ್ನು ವಿದ್ಯಾರ್ಥಿಗಳೇ ನನಗೆ ತಿಳಿಸಿದರು. ಅಂದಿನ ಸಂಕೋಚವನ್ನು ನಾನು ಮರೆತಿಲ್ಲ.

ಹಾಗೆಂದು, ಆದೇಶವಾಗಲೀ ಗೌರವಧನವಾಗಲೀ ಇಲ್ಲದ ದಿನ ನಮ್ಮನ್ನು ಸಭೆಗೆ ಕರೆಯಿರಿ ಎಂದು ನಾನು ಹೇಳಲಾರೆ. ಕರೆದರೆ ಬಹುತೇಕರು ಬಂದೇ ಬರುತ್ತೇವೆ, ಬರದಿದ್ದರೆ ಮುಂದಿನ ನೇಮಕಕ್ಕೆ ತೊಂದರೆಯಾದೀತೆಂಬ ಭಯ ಇದ್ದೇ ಇರುತ್ತದೆ. ಆ ಭಯದ ಮೇಲೆ ಸಭೆ ನಡೆಯಬಾರದು. ಆದೇಶಗಳು ಕೈಸೇರಿದ ವಾರದಲ್ಲಿ ಇನ್ನೊಂದು ಸಭೆ ಇಟ್ಟು, ಅದಕ್ಕೆ ಎಲ್ಲರನ್ನೂ ಕರೆದರೆ ನ್ಯಾಯವಾಗುತ್ತದೆ.

ಇನ್ನೊಂದು ಮಾತನ್ನು ಸೇರಿಸಲು ಅನುಮತಿ ಕೊಡಿ. ಕೋಲಾರ, ತುಮಕೂರು, ರಾಮನಗರ ಕಡೆಗಳಿಂದ ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿ ಬರುವ ಮಕ್ಕಳಿಗೆ ಬೇಡಿಕೆಯ ಸ್ಥಿತಿಸ್ಥಾಪಕತ್ವ (ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದು) ಎಂದರೇನೆಂದು ಚೆನ್ನಾಗಿ ಗೊತ್ತಿರುತ್ತದೆ, ಸೀಮಾಂತ ತುಷ್ಟಿಗುಣಕ್ಕೆ (ಇನ್ನೊಂದು ಘಟಕ ಬಳಸಿದಾಗ ಸಿಗುವ ಹೆಚ್ಚುವರಿ ತೃಪ್ತಿ) ಸೊಗಸಾದ ಉದಾಹರಣೆ ಕೊಡುತ್ತಾರೆ. ತರಗತಿಯಲ್ಲಿ ಅದೇ ಸ್ಥಿತಿಸ್ಥಾಪಕತ್ವವನ್ನು ನಾವು ‘ಎಲಾಸ್ಟಿಸಿಟಿ’ ಎಂದಾಗ ಅದು ತಾವು ಕೇಳಿರದ ಹೊಸ ಪಾಠವೆಂದು ಹೆದರಿ ಮೌನವಾಗುತ್ತಾರೆ. ಆ ಮೌನವನ್ನು ನಾವು ಅಜ್ಞಾನವೆಂದು ತಿಳಿದುಬಿಡುತ್ತೇವೆ. ಪ್ರತಿ ಪತ್ರಿಕೆಗೆ ಮೂವತ್ತು ನಲವತ್ತು ಪದಗಳ ಕನ್ನಡ–ಇಂಗ್ಲಿಷ್ ಜೋಡಿ ಪಟ್ಟಿಯನ್ನು ಬೋಧಕರು ಒಟ್ಟಿಗೆ ಕುಳಿತು ಸಿದ್ಧಪಡಿಸಿದರೆ, ಮೊದಲ ದಿನವೇ ಅದನ್ನು ಮಕ್ಕಳ ಕೈಗೆ ಕೊಡಬಹುದು. ನಾನು ಒಬ್ಬಳೇ ನನ್ನ ಪತ್ರಿಕೆಗೆ ಮಾಡಿಕೊಂಡಿದ್ದೇನೆ; ಬೇಕಾದರೆ ಸಂತೋಷದಿಂದ ಕೊಡುತ್ತೇನೆ.

ಉತ್ತರ | ಸಹ ಪ್ರಾಧ್ಯಾಪಕ, ವಾಣಿಜ್ಯ ವಿಭಾಗ

ಕಾರ್ಯವಿಧಾನಕ್ಕೆ ಸಂಬಂಧಿಸಿದ ಒಂದು ಸೂಚನೆ. ಇದನ್ನು ವಿಭಾಗೀಯ ಪರಿಷತ್ತಿನ (ವಿಭಾಗದ ಅಧಿಕೃತ ಸಮಿತಿಯ) ಸಭೆ ಎಂದು ಕರೆಯಬೇಡಿ. ನಮ್ಮಲ್ಲಿ ಅತಿಥಿ ಉಪನ್ಯಾಸಕರು ಪರಿಷತ್ತಿನ ಸದಸ್ಯರಲ್ಲ, ಹಾಗೆ ಕರೆದರೆ ಅವರನ್ನು ಕೂರಿಸುವುದಕ್ಕೇ ಆಕ್ಷೇಪ ಬರುತ್ತದೆ. ಕಾರ್ಯಭಾರದ ಹಂಚಿಕೆಯನ್ನು ಪರಿಷತ್ತಿನಲ್ಲಿ ಮೊದಲೇ ಅಂಗೀಕರಿಸಿ ನಡಾವಳಿ ಬರೆಸಿಡಿ. ಇದು ಬರೀ ‘ಬೋಧಕರ ಸಭೆ’ ಆಗಿರಲಿ.

ಇನ್ನೊಂದು, ಗಂಟೆಗಳ ಲೆಕ್ಕ. ಅದೇ 2018ರ ನಿಯಮಾವಳಿ ವರ್ಷಕ್ಕೆ 30 ವಾರ, ಅಂದರೆ 180 ಬೋಧನಾ ದಿನಗಳನ್ನು ಹೇಳುತ್ತದೆ. ಸೆಮಿಸ್ಟರಿಗೆ 15 ವಾರ, ವಾರಕ್ಕೆ 4 ಗಂಟೆಯ ಪತ್ರಿಕೆಯಾದರೆ 60 ಗಂಟೆ ಎಂದು ಎಲ್ಲರೂ ಪಾಠ ಯೋಜನೆ ಬರೆದುಕೊಡುತ್ತಾರೆ. ಆದರೆ ವರ್ಷದ ಈ ಮೊದಲ ಸೆಮಿಸ್ಟರಿನಲ್ಲೇ ಗಣೇಶ ಚತುರ್ಥಿ, ಈದ್ ಮಿಲಾದ್, ಮಹಾಲಯ ಅಮಾವಾಸ್ಯೆ, ಆಯುಧಪೂಜೆ, ವಿಜಯದಶಮಿ, ರಾಜ್ಯೋತ್ಸವ, ದೀಪಾವಳಿ, ಕನಕ ಜಯಂತಿ ಎಲ್ಲವೂ ಬರುತ್ತವೆ. ಆಂತರಿಕ ಪರೀಕ್ಷೆಗಳೂ ಇವೆ. ನನ್ನ ಅನುಭವದಲ್ಲಿ ಐವತ್ತು ಗಂಟೆ ಸಿಕ್ಕಿದರೆ ಹೆಚ್ಚು. ಕ್ಯಾಲೆಂಡರ್ ಮುಂದಿಟ್ಟುಕೊಂಡು ತಮ್ಮ ತರಗತಿ ಬೀಳುವ ವಾರಗಳಲ್ಲಿ ನಿಜವಾಗಿ ಎಷ್ಟು ದಿನ ಉಳಿಯುತ್ತವೆಯೆಂದು ಪ್ರತಿಯೊಬ್ಬರೂ ಎಣಿಸಲಿ. ಹಿರಿಯರು ಹೇಳಿದ ‘ಕೊನೆಯ ಘಟಕ’ ಕೈತಪ್ಪುವುದು ಈ ಹತ್ತು ಗಂಟೆಗಳಲ್ಲೇ.

ಪದವಿ ತರಗತಿಗಳಿಗೆ ಪಠ್ಯಕ್ರಮದ ಬದಲಾವಣೆಯೂ ಸೇರಿಕೊಂಡಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿಯ ಒಂದು ಚೌಕಟ್ಟು ಬಂದಿತು, 2024-25ರಿಂದ ರಾಜ್ಯವು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹಳೆಯ ಟಿಪ್ಪಣಿಗಳನ್ನು ಹೊಸ ಪತ್ರಿಕೆಗೆ ಹಾಗೆಯೇ ಬಳಸುವ ಅಪಾಯವಿರುವುದರಿಂದ, ಯಾವ ತಂಡಕ್ಕೆ ಯಾವ ಪಠ್ಯಕ್ರಮ ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು ಎಲ್ಲರ ಕೈಗೂ ಕೊಡಿ.

ಉತ್ತರ | ಗ್ರಂಥಪಾಲಕ

ಗ್ರಂಥಾಲಯಕ್ಕೆ ಇಪ್ಪತ್ತು ನಿಮಿಷ ಕೊಡಿ ಎಂದಷ್ಟೇ ನನ್ನ ಕೋರಿಕೆ. ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ 2025ರ ಜನವರಿ 1ರಿಂದ ಜಾರಿಗೆ ಬಂದಿದ್ದು, ಸರ್ಕಾರಿ ವಿಶ್ವವಿದ್ಯಾಲಯಗಳಿಗೆ 30 ಪ್ರಕಾಶಕರ ಸುಮಾರು 13,000 ಸಂಶೋಧನಾ ನಿಯತಕಾಲಿಕೆಗಳು ಲಭ್ಯವಾಗಿವೆ. ಅನೇಕ ಬೋಧಕರು ಇನ್ನೂ ತಮ್ಮ ಖಾತೆಯನ್ನೇ ತೆರೆದಿಲ್ಲ. ಅಂದು ಎಲ್ಲರೂ ತಮ್ಮ ಮೊಬೈಲಿನಲ್ಲೇ ಅಲ್ಲೇ ಕುಳಿತು ಖಾತೆ ತೆರೆಯಲಿ. ಸಭೆ ಮುಗಿದ ಮೇಲೆ ಮಾಡುತ್ತೇನೆಂದವರು ಮಾಡಿದ್ದನ್ನು ನಾನು ಕಂಡಿಲ್ಲ.

ಮರುಉತ್ತರ | ವಿಭಾಗದ ಮುಖ್ಯಸ್ಥೆ, ಅರ್ಥಶಾಸ್ತ್ರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಿರಿಯರೇ, ತಾವು ಹೇಳಿದ ಇಕಾನೊಮೆಟ್ರಿಕ್ಸ್ ಪ್ರಸಂಗವನ್ನು ಓದಿ ನಿನ್ನೆ ಸಂಜೆ ಬೀರು ತೆಗೆದು ಪುಸ್ತಿಕೆಗಳನ್ನು ನೋಡಿದೆ. ನಮ್ಮಲ್ಲಿ ಖಾಲಿ ಉಳಿದಿರುವುದು ಬೇರೆ ಪ್ರಶ್ನೆ, ಅಂತರರಾಷ್ಟ್ರೀಯ ವ್ಯಾಪಾರದ ಪತ್ರಿಕೆಯಲ್ಲಿ ರೇಖಾಚಿತ್ರ ಬರೆದು ವಿವರಿಸಬೇಕಾದ ಪ್ರಶ್ನೆ. ಆ ಪತ್ರಿಕೆಯನ್ನು ಕಳೆದ ವರ್ಷ ಪಾಠ ಮಾಡಿದವಳು ನಾನೇ.

ಸಭೆಯನ್ನು ಎರಡಾಗಿ ಒಡೆಯಲು ನಿರ್ಧರಿಸಿದ್ದೇನೆ. ತರಗತಿಗಳು ಶುರುವಾಗುವ ಹಿಂದಿನ ಶುಕ್ರವಾರ ನಾವು ನಾಲ್ವರು ಸೇರಿ ಕ್ಯಾಲೆಂಡರ್ ಎಣಿಸಿ, ಪುಸ್ತಿಕೆಗಳನ್ನು ನೋಡಿ, ಘಟಕಗಳ ಕ್ರಮವನ್ನು ನಿಶ್ಚಯಿಸುತ್ತೇವೆ. ಆದೇಶಗಳು ಬಂದ ನಂತರದ ಮೊದಲ ಶನಿವಾರ ಹನ್ನೆರಡು ಮಂದಿಯೂ ಸೇರುತ್ತೇವೆ. ದೀಪ ಬೆಳಗುವುದು, ಪದಗಳ ಪಟ್ಟಿ, ಗ್ರಂಥಾಲಯದ ಇಪ್ಪತ್ತು ನಿಮಿಷ ಎಲ್ಲವೂ ಆ ದಿನಕ್ಕೆ. ಮುಖ್ಯ ಅತಿಥಿಗಳಿಗಾಗಿ ಇಟ್ಟಿದ್ದ ಹಣವನ್ನು ಅಂದು ದೂರದಿಂದ ಬರುವವರ ಪ್ರಯಾಣ ವೆಚ್ಚಕ್ಕೆ ಬಳಸಲು ಅವಕಾಶ ಕೋರಿ ಕುಲಸಚಿವರ ಕಚೇರಿಗೆ ಪತ್ರ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಕೆಂಗೇರಿಯ ಮೇಡಂ, ನಿಮ್ಮ ಪದಗಳ ಪಟ್ಟಿಯನ್ನು ದಯವಿಟ್ಟು ಇಲ್ಲಿಯೇ ಹಂಚಿಕೊಳ್ಳಿ. ವೇಳಾಪಟ್ಟಿಯ ಕರಡು ಈ ಬುಧವಾರ ಸಿದ್ಧವಾಗುತ್ತದೆ. ಕಳೆದ ವರ್ಷದ ಎಂಟು ಮಂದಿಗೂ ಅಂದೇ ಕಳುಹಿಸಿ, ಯಾರಿಗೆ ಯಾವ ಹೊತ್ತು ಬಿಡುವೆಂದು ಕೇಳುತ್ತೇನೆ.