ಪದಚರ್ಚೆ: ಗಾಲಿಗಳ ಮೇಲೆ ಕಟ್ಟುವ ಪುಟ್ಟ ಮನೆಗೆ ಕನ್ನಡದಲ್ಲಿ ಏನೆನ್ನಬೇಕು? (ಗುರುವಾರದೊಳಗೆ ಬೇಕಾಗಿದೆ)

ಕುವೆಂಪುನಗರ, ಮೈಸೂರು — ಸೋಮವಾರ ಬೆಳಿಗ್ಗೆ

ಬಳಗದ ಎಲ್ಲರಿಗೂ ನಮಸ್ಕಾರ.

ನಾನೂ ನನ್ನ ಪತ್ನಿಯೂ ವಾಸಕ್ಕೆಂದು ಒಂದು ಪುಟ್ಟ ಮನೆಯನ್ನು ಕಟ್ಟಿಕೊಳ್ಳುತ್ತಿದ್ದೇವೆ. ಅದು ತಳಪಾಯ ತೋಡಿ ಕಟ್ಟುವ ಮನೆಯಲ್ಲ. ಎರಡು ಅಚ್ಚುಗಳ ಟ್ರೈಲರಿನ ಮೇಲೆ ನಿಲ್ಲುವ, ಬೇಕೆನಿಸಿದಾಗ ಬೇರೆ ಊರಿಗೆ ಎಳೆದುಕೊಂಡು ಹೋಗಬಹುದಾದ ಮನೆ. ಉದ್ದ 20 ಅಡಿ, ಅಗಲ 8 ಅಡಿ, ಒಟ್ಟು 160 ಚದರಡಿ. ವಾಹನದ ಅಗಲ 2.6 ಮೀಟರನ್ನು ಮೀರಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುವುದರಿಂದ ಅಗಲವನ್ನು ಅಷ್ಟಕ್ಕೇ ನಿಲ್ಲಿಸಿದ್ದೇವೆ. ಚಾಸಿಯ ಕೆಲಸ ಮಂಡ್ಯದ ಬಳಿ, ಕಬ್ಬು ಸಾಗಿಸುವ ಟ್ರೈಲರುಗಳನ್ನು ಮಾಡುವ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ನಡೆಯುತ್ತಿದೆ.

ಕೆಲಸಗಾರರಿಗೆಂದು ನಕ್ಷೆಯ ಪದಗಳನ್ನೆಲ್ಲ ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಮಲಗುವ ಜಾಗಕ್ಕೆ ‘ಅಟ್ಟ’ ಎಂಬ ಪದ ನಮ್ಮಲ್ಲಿ ಸಿದ್ಧವಾಗಿಯೇ ಇತ್ತು. ಟ್ರ್ಯಾಕ್ಟರಿಗೆ ಸಿಕ್ಕಿಸುವ ಮುಂಭಾಗದ ಕಬ್ಬಿಣದ ಚೌಕಟ್ಟಿಗೆ ಏನು ಬರೆಯುವುದೆಂದು ನಾನು ಪೆನ್ಸಿಲ್ ಹಿಡಿದು ನಿಂತಿದ್ದಾಗ, ವೆಲ್ಡರ್ ಕನ್ನಡಕವನ್ನು ಹಣೆಗೇರಿಸಿ, “ಮೂಕಿ ಅಂತ ಬರೀರಿ, ಎತ್ತಿನ ಗಾಡೀಲಿ ಅದೇ ತಾನೆ ಮುಂದಿರೋದು” ಎಂದರು. ಇಂಥ ಪದವನ್ನು ನಾನು ಎಷ್ಟು ಹುಡುಕಿದ್ದರೂ ಪಡೆಯುತ್ತಿರಲಿಲ್ಲ.

ಆದರೆ ಇಡೀ ವಸ್ತುವಿಗೇ ಹೆಸರಿಲ್ಲ. ಅಮೆರಿಕದ ವಸತಿ ಕಟ್ಟಡ ಸಂಹಿತೆಯ 2018ರ ಆವೃತ್ತಿಯು, ಅಟ್ಟವನ್ನು ಲೆಕ್ಕಕ್ಕೆ ಹಿಡಿಯದೆ, 400 ಚದರಡಿಯನ್ನು ಮೀರದ ಮನೆಯನ್ನು ‘ಟೈನಿ ಹೌಸ್’ ಎಂದು ಕರೆದಿದೆ. ಅದಕ್ಕೆ ಗಾಲಿ ಸೇರಿದರೆ ‘ಟೈನಿ ಹೌಸ್ ಆನ್ ವೀಲ್ಸ್’. ಗುರುವಾರ ಬೋರ್ಡ್ ಬರೆಯುವವರು ಬರುತ್ತಾರೆ. ಹಿಂಬದಿಯ ಹಲಗೆಯಲ್ಲಿ ಎರಡಡಿ ಜಾಗವಿದೆ, ಒಂದೇ ಪದ ಹಿಡಿಯುತ್ತದೆ. ಸಂಚಾರಿ ಮನೆ, ಚಕ್ರಮನೆ, ಗಾಡಿಮನೆ ಎಂಬ ಮೂರು ನನಗೆ ಹೊಳೆದಿವೆ. ದಯವಿಟ್ಟು ತಿಳಿಸಿ.

ಸರಸ್ವತೀಪುರಂ, ಮೈಸೂರು — ಸೋಮವಾರ ಮಧ್ಯಾಹ್ನ

ಮೂರೂ ಬೇಡ.

‘ಚಕ್ರಮನೆ’ ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಕೂಡಿಸಿದ ಅರಿಸಮಾಸ. ‘ಸಂಚಾರಿ’ ಎಂದ ಕೂಡಲೇ ಜನರಿಗೆ ಪೊಲೀಸರು ನೆನಪಾಗುತ್ತಾರೆ. ‘ಗಾಡಿ’ ನಮಗೆ ಮರಾಠಿ, ಹಿಂದಿಗಳ ಕಡೆಯಿಂದ ಬಂದದ್ದು, ಮೇಲಾಗಿ ಮೈಸೂರಿನಲ್ಲಿ ಗಾಡಿಯೆಂದರೆ ಈಗ ಸ್ಕೂಟರ್.

‘ಅಲೆ’ ಎಂಬ ಧಾತುವಿದೆ, ‘ಅಲೆಮಾರಿ’ ಎಲ್ಲರ ಬಾಯಲ್ಲಿದೆ. ಸುಡುಗಾಡು, ಕಡೆಗೋಲು, ಉಡುದಾರಗಳ ಸಾಲಿನಲ್ಲಿ ‘ಅಲೆಮನೆ’ ಎಂಬ ಗಮಕಸಮಾಸ ಸಹಜವಾಗಿ ಆಗುತ್ತದೆ. ನಾಲ್ಕೇ ಅಕ್ಷರ, ಎರಡೂ ಅಚ್ಚಗನ್ನಡ. ಇದನ್ನು ಬರೆಸಿ.

ಮಂಡ್ಯ — ಸೋಮವಾರ ಸಂಜೆ

ಸ್ವಾಮಿ, ತಾವು ಧಾತುವನ್ನು ನೋಡಿದಿರಿ, ಊರನ್ನು ನೋಡಲಿಲ್ಲ. ಮಂಡ್ಯದ ರಸ್ತೆಯಲ್ಲಿ ‘ಅಲೆಮನೆ’ ಎಂದು ಬರೆದ ಹಲಗೆ ಹಾದುಹೋದರೆ, ಬರೆದವನು ದೀರ್ಘ ಬಿಟ್ಟಿದ್ದಾನೆಂದು ನೂರಕ್ಕೆ ನೂರು ಜನ ತಿಳಿಯುತ್ತಾರೆ. ನಮ್ಮಲ್ಲಿ ಆಲೆಮನೆಯೆಂದರೆ ಗಾಣದಲ್ಲಿ ಕಬ್ಬು ಅರೆದು, ಕೊಪ್ಪರಿಗೆಯಲ್ಲಿ ಹಾಲು ಕಾಯಿಸಿ, ಬೆಲ್ಲ ತೆಗೆಯುವ ಜಾಗ. ನಾನು ಚಿಕ್ಕವನಿದ್ದಾಗ ಅದರ ಒಲೆಗೆ ಒಣಗಿದ ಸಿಪ್ಪೆ ತುಂಬಿದವನು. ಈ ಜಿಲ್ಲೆಯ ಅನ್ನದ ಪದವನ್ನು ಒಂದು ಮಾತ್ರೆ ಕಡಿಮೆ ಮಾಡಿ ಬೇರೆ ವಸ್ತುವಿಗೆ ಕೊಡುವುದು ಸರಿಯಲ್ಲ.

ಶೆಡ್ಡಿನಲ್ಲಿ ಅದನ್ನು ಮಾಡುತ್ತಿರುವವರು ಏನೆನ್ನುತ್ತಾರೆಂದು ಕೇಳಿದಿರಾ? ‘ಟ್ರೈಲರ್ ಮನೆ’ ಎನ್ನುತ್ತಾರೆ. ಕಬ್ಬು ಬೆಳೆಯುವವನ ಬಾಯಲ್ಲಿ ಉರುಳುತ್ತಿರುವ ಪದವೇ ಕನ್ನಡ. ಹೊಗೆಬಂಡಿ ಎಂದು ಕಟ್ಟಿದರು, ಜನ ರೈಲು ಎಂದರು. ಇಂದು ರೈಲಿಗೆ ಎಲ್ಲ ವಿಭಕ್ತಿಯೂ ಹತ್ತುತ್ತದೆ.

ಸರಸ್ವತೀಪುರಂ, ಮೈಸೂರು — ಸೋಮವಾರ ರಾತ್ರಿ

ಆಲೆಮನೆಯ ಆಕ್ಷೇಪವನ್ನು ಒಪ್ಪಿದೆ. ‘ಟ್ರೈಲರ್ ಮನೆ’ಯನ್ನು ಒಪ್ಪಲಾರೆ.

ಎರವಲು ಪದ ಬಂದು ನೆಲೆಸಿದರೆ ಅರ್ಥ ಕೈಯಲ್ಲಿ ಉಳಿಯುತ್ತದೆಂಬ ಭರವಸೆಯೇನೂ ಇಲ್ಲ. ನಮ್ಮ ಊರಿನ ರೈಲು ವಸ್ತುಸಂಗ್ರಹಾಲಯ 1979ರಲ್ಲಿ ತೆರೆಯಿತು. ಅಲ್ಲಿ 1899ರಲ್ಲಿ ತಯಾರಾದ ಮಹಾರಾಣಿಯವರ ಗಾಡಿ ನಿಂತಿದೆ. ಅಡುಗೆಗೆ, ಊಟಕ್ಕೆ, ಸ್ನಾನ ಶೌಚಕ್ಕೆ ಎಲ್ಲಕ್ಕೂ ಜಾಗವಿರುವ ಆ ಗಾಡಿ, ಪ್ರಶ್ನೆ ಕೇಳಿದವರು ಕಟ್ಟುತ್ತಿರುವ ವಸ್ತುವಿನ ಹತ್ತಿರದ ಬಂಧು. ಅದನ್ನು ‘ಸಲೂನ್’ ಎಂದು ಹಾಗೆಯೇ ತೆಗೆದುಕೊಂಡೆವು. ಇಂದು ಮೈಸೂರಿನ ಯಾವ ಬೀದಿಯಲ್ಲಿ ಬೇಕಾದರೂ ‘ಸಲೂನ್’ ಎಲ್ಲಿದೆಯೆಂದು ಕೇಳಿ ನೋಡಿ, ಕ್ಷೌರದಂಗಡಿಯನ್ನು ತೋರಿಸುತ್ತಾರೆ. ಅಂದೇ ಒಂದು ಕನ್ನಡ ಪದವನ್ನು ಕಟ್ಟಿದ್ದರೆ, ಈಗ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ಶ್ರೀರಂಗಪಟ್ಟಣ — ಮಂಗಳವಾರ ಬೆಳಿಗ್ಗೆ

ಮನೆಬಂಡಿ. ಕಾಯಿದೆಯ ಪ್ರಕಾರ ಅದು ಎಳೆಯಲ್ಪಡುವ ವಾಹನ, ಉತ್ತರಪದ ಬಂಡಿಯೇ ಆಗಬೇಕು. ಚರ್ಚೆ ಇಷ್ಟು ಉದ್ದ ಹೋಗುವಂಥದ್ದಲ್ಲ.

ಜಯಲಕ್ಷ್ಮೀಪುರಂ, ಮೈಸೂರು — ಮಂಗಳವಾರ ಮಧ್ಯಾಹ್ನ

ಎಲ್ಲರೂ ‘ಮನೆ’ಯನ್ನೇ ಹಿಡಿದು ಎಳೆದಾಡುತ್ತಿರುವುದನ್ನು ನೋಡಿ ನಿವೃತ್ತ ಮೇಷ್ಟ್ರಾದ ನಾನು ಬರೆಯಲೇಬೇಕಾಯಿತು. ಕನ್ನಡದಲ್ಲಿ ‘ಬಿಡು’ ಎಂಬ ಒಂದು ಧಾತು ಎಷ್ಟು ತಂಗುದಾಣಗಳನ್ನು ಹೆತ್ತಿದೆಯೆಂದು ಗಮನಿಸಬೇಕು. ಬೀಡು, ಬಿಡಾರ, ಬಿಡದಿ. ಮದುವೆಯಲ್ಲಿ ಗಂಡಿನ ಕಡೆಯವರಿಗೆ ಕೊಡುವ ಬಿಡದಿ ಮನೆ, ಕಾಡಂಚಿನ ಆನೆ ಬಿಡಾರ, ದಸರೆಗೆ ಬಂದ ಮಾವುತರೂ ಕಾವಾಡಿಗಳೂ ಸಂಸಾರ ಸಮೇತ ಅರಮನೆಯ ಆವರಣದಲ್ಲಿ ಹೂಡುವ ಬಿಡಾರ, ಇವೆಲ್ಲವೂ ನಡೆಯುತ್ತಿದ್ದವರು ನಿಂತ ಜಾಗಗಳು. ನಿಲ್ಲುವ ಮತ್ತು ಹೊರಡುವ ಎರಡೂ ಭಾವ ‘ಬಿಡಾರ’ದಲ್ಲಿ ಮೊದಲೇ ಇರುವಾಗ, ‘ಗಾಲಿಬಿಡಾರ’ ಎಂದರೆ ಸಾಕು. ‘ಗಾಲಿಮನೆ’ ಎಂದು ಮಾತ್ರ ಬರೆಸಬೇಡಿ. ತೇರನ್ನು ನಿಲ್ಲಿಸುವ ಕಟ್ಟಡವನ್ನು ತೇರಿನ ಮನೆ ಎನ್ನುತ್ತೇವೆ, ಆಲೆ ಇರುವುದು ಆಲೆಮನೆ. ಆ ದಾರಿಯಲ್ಲಿ ಗಾಲಿಮನೆಯೆಂದರೆ ಗಾಲಿಗಳನ್ನು ಪೇರಿಸಿಟ್ಟ ಕೊಟ್ಟಿಗೆ.

ಕುವೆಂಪುನಗರ, ಮೈಸೂರು — ಬುಧವಾರ ಬೆಳಿಗ್ಗೆ

ಎಲ್ಲರಿಗೂ ಕೃತಜ್ಞ. ನಿನ್ನೆ ರಾತ್ರಿ ಒಂದೊಂದನ್ನೂ ಕಾಗದದ ಮೇಲೆ ದೊಡ್ಡದಾಗಿ ಬರೆದು, ಗೋಡೆಗೆ ಅಂಟಿಸಿ, ಮನೆಯವರೊಡನೆ ಕುಳಿತು ನೋಡಿದೆ.

ಮೇಷ್ಟ್ರೇ, ‘ಬಿಡಾರ’ದ ಅಂದಕ್ಕೆ ನಾನು ಮನಸೋತದ್ದು ನಿಜ. ಆದರೆ ಬಿಡಾರವನ್ನು ಎತ್ತಿದವರಿಗೆ ಹಿಂದಿರುಗಲು ಎಲ್ಲೋ ಒಂದು ಮನೆಯಿರುತ್ತದೆ. ದಸರೆ ಮುಗಿದ ಮೇಲೆ ಮಾವುತರು ಊರಿಗೆ ಹೋಗುತ್ತಾರೆ. ನಮಗೆ ಬೇರೆ ಮನೆಯಿಲ್ಲ. ಬಾಡಿಗೆ ಮನೆಯನ್ನು ಬಿಟ್ಟು ಇದರಲ್ಲೇ ಒಲೆ ಹಚ್ಚಿ ಹಾಲುಕ್ಕಿಸಲಿದ್ದೇವೆ. ಅದೇ ಕಾರಣಕ್ಕೆ ‘ಮನೆಬಂಡಿ’ಯೂ ಒಗ್ಗಲಿಲ್ಲ. ನೋಂದಣಿಯ ಕಾಗದದಲ್ಲಿ ಅದು ವಾಹನವೆಂದೇ ಇರಲಿ. ಹಲಗೆಯ ಮೇಲಿನ ಉತ್ತರಪದ ಮನೆಯೇ ಆಗಬೇಕೆಂಬುದು ನಮ್ಮಿಬ್ಬರ ಗಟ್ಟಿ ಮನಸ್ಸು.

ಹೀಗಾಗಿ ‘ಗಾಲಿಮನೆ’ಯನ್ನೇ ಆರಿಸಿದ್ದೇವೆ. ತೇರಿನ ಮನೆಯ ಆಕ್ಷೇಪಕ್ಕೆ ನನ್ನ ಉತ್ತರವಿದು. ಪೂರ್ವಪದ ಯಾವಾಗಲೂ ಒಳಗಿಟ್ಟ ವಸ್ತುವನ್ನೇ ಹೇಳುವುದಿಲ್ಲ. ತೊಟ್ಟಿಮನೆಯೆಂದರೆ ತೊಟ್ಟಿಯನ್ನು ಉಳ್ಳ ಮನೆ, ತೊಟ್ಟಿಗಳ ಉಗ್ರಾಣವಲ್ಲ. ‘ಗಾಲಿಕುರ್ಚಿ’ ಆಸ್ಪತ್ರೆಗಳಲ್ಲೂ ಪತ್ರಿಕೆಗಳಲ್ಲೂ ಬೇರೂರಿದೆ. ಅದನ್ನು ಗಾಲಿಯಿಡುವ ಕುರ್ಚಿಯೆಂದು ಯಾರೂ ತಪ್ಪು ತಿಳಿದಿಲ್ಲ. ಗಾಲಿಕುರ್ಚಿಯನ್ನು ಬಲ್ಲವರಿಗೆ ಗಾಲಿಮನೆಯನ್ನು ವಿವರಿಸಬೇಕಾಗದು. ‘ಟೈನಿ’ಗೆ ಸಮನಾದ ‘ಕಿರು’ ಎಂಬುದನ್ನು ಕೈಬಿಟ್ಟಿದ್ದೇನೆ, ಏಕೆಂದರೆ ಅದರ ಗಾತ್ರ ಕಣ್ಣಿಗೇ ಕಾಣುತ್ತದೆ.

ಸರಸ್ವತೀಪುರಂ, ಮೈಸೂರು — ಬುಧವಾರ ಮಧ್ಯಾಹ್ನ

ಒಪ್ಪಿಗೆ. ತಮಿಳಿನ ಹಳೆಯ ಬಳಕೆಯಲ್ಲಿ ‘ಕಾಲ್’ ಎಂಬುದಕ್ಕೆ ಗಾಲಿ ಎಂಬ ಅರ್ಥವೂ ಇದೆ, ತುಳುವಿನಲ್ಲೂ ಗಾಲಿಯೇ. ನಮ್ಮ ಗಾಲಿ ಆ ಕಾಲಿನ ಒಡಹುಟ್ಟು. ಕಾಲುಳ್ಳ ಮನೆ ಎಂದಾಯಿತು.

ಮಂಡ್ಯ — ಬುಧವಾರ ಸಂಜೆ

ಶೆಡ್ಡಿನವರು ಟ್ರೈಲರ್ ಮನೆ ಎಂದೇ ಕರೆಯುತ್ತಾರೆ, ನೋಡುತ್ತಿರಿ. ಆದರೂ ಗಾಲಿಮನೆಗೆ ನನ್ನ ವಿರೋಧವಿಲ್ಲ.

ಕುವೆಂಪುನಗರ, ಮೈಸೂರು — ಗುರುವಾರ ರಾತ್ರಿ

ಬೋರ್ಡ್ ಬರೆಯುವವರು ಹತ್ತು ಗಂಟೆಗೆ ಬಂದರು. ಬಿಳಿ ಬಣ್ಣ ಬಳಿದ ಹಲಗೆಯ ಮೇಲೆ ದಾರ ಹಿಡಿದು ಎರಡು ಗೆರೆ ಎಳೆದು, ನಾನು ಬಾಯಲ್ಲಿ ಹೇಳಿದ್ದನ್ನು ಕೇಳಿಕೊಂಡು ಪೆನ್ಸಿಲಿನಲ್ಲಿ ‘ಗಾಳಿ ಮನೆ’ ಎಂದು ಗುರುತು ಹಾಕಿದ್ದರು. ನಾನು ಚಾಸಿಯ ಅಡಿಯಿಂದ ಎದ್ದು ಬಂದು ನೋಡುವಷ್ಟರಲ್ಲಿ ‘ಗಾ’ಕ್ಕೆ ನೀಲಿ ಬಣ್ಣ ತುಂಬಿತ್ತು. ‘ಳಿ’ಯನ್ನು ಒರೆಸಿಸಿ ‘ಲಿ’ ಬರೆಸಿದೆ. ಎರಡು ಪದಗಳ ನಡುವಿನ ತೆರಪನ್ನೂ ತೆಗೆಸಿ, ನಾಲ್ಕು ಅಕ್ಷರಗಳನ್ನು ಕೂಡಿಸಿ ಬರೆಸಿದ್ದೇನೆ. ಬಣ್ಣ ಒಣಗಲು ನಾಳೆಯವರೆಗೆ ಸಮಯ ಬೇಕಂತೆ.