ಕೆಂಪು ಮೂತಿ ಹುಳುವಿಗೆ ‘ಲಿಂಗಾಕರ್ಷಕ ಬಲೆ’ ಅನ್ನಬಹುದೇ?

ನಮಸ್ಕಾರ.

ಅರಸೀಕೆರೆ ಕಡೆಯ ತೆಂಗು ಬೆಳೆಗಾರರಿಗೆ ಹಂಚುವ ಒಂದು ಕರಪತ್ರ ತಿದ್ದುತ್ತಿದ್ದೇನೆ. ಕೆಂಪು ಮೂತಿ ಹುಳು ತೋಟಕ್ಕೆ ಬಂದಿರೋದನ್ನು ಬೇಗ ಪತ್ತೆ ಹಚ್ಚುವುದು ಹೇಗೆ ಅನ್ನೋದು ವಿಷಯ. ಒಳಗೆ ವಾಸನೆಯ ಪೊಟ್ಟಣ ಇಟ್ಟ ಬಕೆಟ್ ಕಟ್ಟಿ ಹುಳು ಬೀಳಿಸುವ ಉಪಾಯಕ್ಕೆ ಅದರಲ್ಲಿ ‘ಲಿಂಗಾಕರ್ಷಕ ಬಲೆ’ ಅಂತ ಬರೆದಿದ್ದಾರೆ. ಬೇಸಾಯದ ಬರಹಗಳಲ್ಲಿ ಇದು ರೂಢಿಯ ಪದವೇ. ಆದರೆ ಈ ಹುಳುವಿನ ಮಟ್ಟಿಗೆ ಅದು ದಾರಿ ತಪ್ಪಿಸುತ್ತದೆ ಅಂತ ನನ್ನ ಅನಿಸಿಕೆ.

ಮುಸುಕಿನ ಜೋಳದ ಸೈನಿಕ ಹುಳುವಿಗೆ ಆ ಪದ ಸರಿ. ಹೆಣ್ಣು ಪತಂಗದ ವಾಸನೆ ಇಟ್ಟರೆ ಗಂಡು ಬಂದು ಬೀಳುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟದ ಬಿಳಿ ಕಾಂಡಕೊರಕಕ್ಕೂ ಒಪ್ಪುತ್ತದೆ. ಅಲ್ಲಿ ಉಲ್ಟಾ, ಗಂಡಿನ ವಾಸನೆಗೆ ಹೆಣ್ಣು ಬರುತ್ತದೆ, ಅಷ್ಟೇ. ಮೂತಿ ಹುಳುವಿನಲ್ಲಿ ವಾಸನೆ ಬಿಡೋದು ಗಂಡು, ಬರೋದು ಗಂಡು ಹೆಣ್ಣು ಎರಡೂ. ತಿನ್ನೋಕೆ ಮರ ಸಿಕ್ಕಿದೆ, ಎಲ್ಲರೂ ಬನ್ನಿ ಎಂಬಂಥ ಕರೆ ಅದು. ಅದಕ್ಕೇ ಬಕೆಟ್ಟಿನೊಳಗೆ ಆ ಪೊಟ್ಟಣದ ಜೊತೆ ಕಬ್ಬಿನ ತುಂಡೋ ಬಾಳೆಹಣ್ಣೋ ಹಾಕಿದರೆ ಹುಳು ಜಾಸ್ತಿ ಬೀಳುತ್ತದೆ.

ಬಿದ್ದ ಹುಳುವನ್ನು ಎತ್ತಿ ನೋಡಿದರೆ ಗೊತ್ತಾಗುತ್ತದೆ. ಮೂತಿಯ ಮೇಲುಗಡೆ ಬ್ರಷ್ಷಿನ ಹಾಗೆ ಗಿಡ್ಡ ಕೂದಲಿದ್ದರೆ ಗಂಡು. ಮೂತಿ ನುಣ್ಣಗಿದ್ದು ಒಂಚೂರು ಉದ್ದವಿದ್ದರೆ ಹೆಣ್ಣು. ಮರದ ಗಾಯದಲ್ಲಿ ಮೊಟ್ಟೆ ಇಡೋದು ಈ ಹೆಣ್ಣೇ. ಮರಿಹುಳು ಕಾಂಡದೊಳಗೇ ತಿನ್ನುತ್ತಿರುತ್ತದೆ, ಹೊರಗೆ ಕಾಣೋದಿಲ್ಲ. ಸುಳಿ ಬಾಡುವ ಹೊತ್ತಿಗೆ ಮರ ಹೆಚ್ಚುಕಮ್ಮಿ ಕೈತಪ್ಪಿರುತ್ತದೆ. ‘ಲಿಂಗಾಕರ್ಷಕ’ ಅಂತ ಓದಿದವರು, ಓಹೋ ಗಂಡು ಮಾತ್ರ ಬೀಳುತ್ತೆ, ಮೊಟ್ಟೆ ಇಡೋದು ಹೊರಗೇ ಉಳಿಯುತ್ತೆ ಅಂದುಕೊಂಡರೆ ಬಕೆಟ್ ಕಟ್ಟೋ ಗೋಜಿಗೇ ಹೋಗಲಿಕ್ಕಿಲ್ಲ, ಅಲ್ವಾ?

‘ಮೋಹಕ ಬಲೆ’ ಎಂಬ ಪದವೂ ಬಳಕೆಯಲ್ಲಿದೆ. ಗಂಡು ಹೆಣ್ಣಿನ ಮಾತಿಲ್ಲದ್ದರಿಂದ ನನಗೆ ಅದೇ ವಾಸಿ. ಆದರೆ ಹಿಂಡನ್ನೇ ಕರೆಯುವ ವಾಸನೆ ಅನ್ನೋದು ಅದರಲ್ಲೂ ಬರೋದಿಲ್ಲ. ‘ಹಿಂಡುಗಂಪು’ ಅಂದರೆ ಕಂಪು ಎಂಬುದು ಸುವಾಸನೆಯ ಕಡೆಗೆ ಎಳೆಯುತ್ತದೆ. ಸದ್ಯಕ್ಕೆ ‘ಕರೆವಾಸನೆ’ ಎಂದು ಹಾಕಿ, ಪಕ್ಕದಲ್ಲಿ ‘ಗಂಡು ಹೆಣ್ಣು ಎರಡೂ ಬೀಳುತ್ತವೆ’ ಅಂತ ಸೇರಿಸಿದ್ದೇನೆ. ಕೊಂಬಿನ ದುಂಬಿಯ ಬಕೆಟ್ಟಿಗೂ ಇದೇ ಪದ ಆಗುತ್ತದೆ, ಅದರಲ್ಲೂ ಗಂಡಿನ ವಾಸನೆಗೆ ಎರಡೂ ಬರುತ್ತವೆ.

ಚನ್ನರಾಯಪಟ್ಟಣ, ಕಡೂರು ಕಡೆ ತೋಟ ಇರುವವರು ಈ ವಾಸನೆಯ ಪೊಟ್ಟಣಕ್ಕೆ ಮಾತಿನಲ್ಲಿ ಏನನ್ನುತ್ತೀರಿ? ಲೂರ್, ಮದ್ದು, ವಾಸನೆ ಪ್ಯಾಕೆಟ್, ಯಾವುದಾದರೂ ಸರಿ, ತೋಟದಲ್ಲಿ ಬಾಯಿಗೆ ಬರುವ ಪದವನ್ನೇ ತಿಳಿಸಿ.