ಪಕ್ಕಪಕ್ಕ ಇಟ್ಟ ಎರಡು ತೆಂಗಿನಕಾಯಿ ಯಾಕೆ ಹತ್ತಿರ ಬರುವುದಿಲ್ಲ?

ಪ್ರಶ್ನೆ: ನಮಸ್ಕಾರ ಸರ್. ಒಂಬತ್ತನೇ ಕ್ಲಾಸಿನ ಮಗಳಿಗೆ ಗುರುತ್ವಾಕರ್ಷಣೆಯ ಪಾಠ ನಡೆಯುತ್ತಿದೆ. "ಪ್ರತಿ ವಸ್ತುವೂ ಇನ್ನೊಂದನ್ನು ಎಳೆಯುತ್ತೆ ಅಂತಾರೆ. ಹಾಗಾದ್ರೆ ಮೇಜಿನ ಮೇಲಿರೋ ಎರಡು ತೆಂಗಿನಕಾಯಿ ಯಾಕೆ ಅಂಟಿಕೊಳ್ಳಲ್ಲ?" ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ (ಭೌತಶಾಸ್ತ್ರ ಉಪನ್ಯಾಸಕ): ಮಗಳು ತುಂಬಾ ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ ಮೇಡಂ. ಕಾಯಿಗಳು ಎಳೆದುಕೊಳ್ಳುತ್ತಲೇ ಇವೆ. ಆದರೆ ಆ ಬಲ ತೀರಾ ಸಣ್ಣದು. ತಲಾ 600 ಗ್ರಾಂನ ಎರಡು ಕಾಯಿ, ನಡುಬಿಂದುಗಳ ಮಧ್ಯೆ 15 ಸೆಂಟಿಮೀಟರ್ ದೂರ ಅಂತಿಟ್ಟುಕೊಳ್ಳಿ. ಒಂದು ಗ್ರಾಂ ಉಪ್ಪನ್ನು ಒಂದು ಕೋಟಿ ಪಾಲು ಮಾಡಿದರೆ, ಅದರಲ್ಲಿ ಒಂದು ಪಾಲಿನ ತೂಕ ಎಷ್ಟೋ ಈ ಬಲ ಸುಮಾರು ಅಷ್ಟೇ. ಮೇಜಿನ ಘರ್ಷಣೆ ಅದಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ಕಾಯಿ ಅಲುಗಾಡುವುದಿಲ್ಲ.

ಪ್ರಶ್ನೆ: ಇಷ್ಟು ಸಣ್ಣ ಬಲವನ್ನು ಯಾರಾದರೂ ಕಣ್ಣಾರೆ ಕಂಡಿದ್ದಾರಾ ಸರ್? ಸುಮ್ನೆ ಲೆಕ್ಕವಾ?

ಉತ್ತರ: ಕಂಡಿದ್ದಾರೆ. ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ 1798ರಲ್ಲಿ ಪ್ರಕಟಿಸಿದ ಪ್ರಯೋಗವದು. ಸುಮಾರು ಆರು ಅಡಿಯ ಮರದ ಕೋಲನ್ನು ನಡುವೆ ತಂತಿ ಕಟ್ಟಿ ತೂಗುಬಿಟ್ಟರು. ಎರಡೂ ತುದಿಗೆ ಸಣ್ಣ ಸೀಸದ ಗುಂಡು. ಪಕ್ಕಕ್ಕೆ ತಲಾ 158 ಕಿಲೋದ ದೊಡ್ಡ ಸೀಸದ ಗುಂಡುಗಳನ್ನು ತಂದಾಗ ಕೋಲು ತುಸುವೇ ತಿರುಗಿತು! ಮೈಬಿಸಿಗೆ ಗಾಳಿ ಕದಲಿದರೂ ಲೆಕ್ಕ ತಪ್ಪುತ್ತದೆ. ಅದಕ್ಕೇ ಅವರು ಕೋಣೆಯ ಹೊರಗೆ ನಿಂತು ದೂರದರ್ಶಕದಲ್ಲಿ ನೋಡಿದರು. ಆ ತಾಳ್ಮೆ ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಭೂಮಿಯ ಸಾಂದ್ರತೆ ನೀರಿನ ಸುಮಾರು ಐದೂವರೆ ಪಟ್ಟು ಅಂತ ತಿಳಿದದ್ದು ಇದರಿಂದಲೇ.

ಇನ್ನೊಬ್ಬ ಸದಸ್ಯರು: ಮರದಿಂದ ಬೀಳುವ ಕಾಯಿಯೂ ಭೂಮಿಯನ್ನು ಎಳೆಯುತ್ತದಾ ಸರ್?

ಉತ್ತರ: ಹೌದು, ಅಷ್ಟೇ ಬಲದಿಂದ. 600 ಗ್ರಾಂ ಕಾಯಿಯನ್ನು ಭೂಮಿ ಸುಮಾರು 6 ನ್ಯೂಟನ್ ಬಲದಿಂದ ಎಳೆದರೆ, ಕಾಯಿಯೂ ಭೂಮಿಯನ್ನು 6 ನ್ಯೂಟನ್‌ನಿಂದಲೇ ಎಳೆಯುತ್ತದೆ. ದೊಡ್ಡದು ಜಾಸ್ತಿ ಎಳೆಯುತ್ತದೆ, ಚಿಕ್ಕದು ಕಡಿಮೆ ಅಂತ ನಮ್ಮ ವಿದ್ಯಾರ್ಥಿಗಳೂ ಬರೆಯುತ್ತಾರೆ, ಅದು ತಪ್ಪು. ಬಲ ಒಂದೇ. ಭೂಮಿಯ ರಾಶಿ ಅಗಾಧ, ಹಾಗಾಗಿ ಅದು ಸರಿದದ್ದು ಗೊತ್ತಾಗುವುದಿಲ್ಲ.

ಪ್ರಶ್ನೆ: ಮಗಳು ಪಕ್ಕದಲ್ಲೇ ಕೂತಿದ್ದಾಳೆ ಸರ್. ದೂರ ಹೋದಂತೆ ಎಳೆತ ಪೂರ್ತಿ ನಿಂತುಹೋಗುತ್ತದಾ ಅಂತ ಕೇಳುತ್ತಿದ್ದಾಳೆ.

ಉತ್ತರ: ಇಲ್ಲ ಪುಟ್ಟಿ. ದೂರ ಎರಡರಷ್ಟಾದರೆ ಬಲ ಕಾಲು ಭಾಗ, ಮೂರರಷ್ಟಾದರೆ ಒಂಬತ್ತನೇ ಒಂದು ಭಾಗ. ಕಡಿಮೆಯಾಗುತ್ತಲೇ ಹೋಗುತ್ತದೆ, ಸೊನ್ನೆ ಆಗುವುದಿಲ್ಲ. ಭೂಮಿಯ ನಡುವಿನಿಂದ ನಾವಿರುವ ದೂರದ ಸುಮಾರು 60 ಪಟ್ಟು ದೂರದಲ್ಲಿ ಚಂದ್ರನಿದ್ದಾನೆ. ಅಲ್ಲಿ ಭೂಮಿಯ ಎಳೆತ 3600ರಲ್ಲಿ ಒಂದು ಪಾಲು. ಇಲ್ಲಿ ಕಾಯಿ ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಅದನ್ನು 3600ರಿಂದ ಭಾಗಿಸಿ ನೋಡು, ಸುಮಾರು 1.4 ಮಿಲಿಮೀಟರ್ ಬರುತ್ತದೆ. ನೇರವಾಗಿ ಹೋಗಬೇಕಿದ್ದ ಚಂದ್ರ ಪ್ರತಿ ಸೆಕೆಂಡಿಗೆ ನಮ್ಮ ಕಡೆಗೆ ಬಾಗುವುದು ಅಷ್ಟೇ.